ಶಾಸನವೂ ಶಾಸಕರೂ: ಗಳಗನಾಥದ ದಂಡೆಯಿಂದ ಒಂದು ಓದು

ಕನ್ನಡದಲ್ಲಿ ‘ಶಾಸನ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕಲ್ಲಿನ ಮೇಲೆ ಕೊರೆದ ಬರಹವೂ ಶಾಸನ, ವಿಧಾನಮಂಡಲ ಮಾಡುವ ಕಾನೂನೂ ಶಾಸನ. ಕಾನೂನು ಮಾಡುವವರನ್ನು ಶಾಸಕರು ಎಂದು ಕರೆಯುವುದೂ ಇದೇ ಬೇರಿನಿಂದ. ಕೆರೆ ಮತ್ತು ನೀರಿಗೆ ಸಂಬಂಧಿಸಿದ ಶಿಲಾಶಾಸನಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಮೊದಲ ಬಗೆಯ ಶಾಸನಗಳ ಒಡನಾಟ ಹೆಚ್ಚು. ಎರಡನೆಯ ಬಗೆಯವನ್ನು, ಅಂದರೆ ಕಾಯ್ದೆ, ಸದನ ಸಮಿತಿಯ ವರದಿ, ತಿದ್ದುಪಡಿ ಮಸೂದೆಗಳನ್ನು ಗಮನವಿಟ್ಟು ಓದತೊಡಗಿದ್ದು ಈಚೆಗೆ. ಎರಡನ್ನೂ ಒಟ್ಟಿಗೆ ಓದುವಾಗ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಪರಿಸರದ ವಿಚಾರದಲ್ಲಿ ಒಬ್ಬ ಶಾಸಕರ ಸಾಧನೆಯನ್ನು ಇತಿಹಾಸ ಯಾವ ಅಳತೆಗೋಲಿನಿಂದ ಅಳೆಯಬೇಕು? ಅವರು ಬರೆದಿಟ್ಟ ಕಾಗದದಿಂದಲೇ, ಆ ಕಾಗದ ಮುಂದೆ ಏನಾಯಿತು ಎಂಬುದರಿಂದಲೇ?

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಹಾವೇರಿ ತಾಲೂಕಿನ ಗಳಗನಾಥಕ್ಕಿಂತ ತಕ್ಕ ಜಾಗ ನನಗೆ ತೋರದು. ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲಿನ ಸೀಮೆಯನ್ನು ಹಾಯ್ದು ಬರುವ ವರದಾ ನದಿ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ದಂಡೆಯ ಮೇಲೆ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಹೊರಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಒತ್ತು ಕೊಟ್ಟಿರುವುದರಿಂದ ದೂರದಿಂದ ನೋಡಿದರೆ ದೇವಾಲಯ ಒಂದು ಗುಡ್ಡದಂತೆ ಕಾಣುತ್ತದೆ. ವೆಂಕಟೇಶ ತಿರಕೋ ಕುಲಕರ್ಣಿಯವರು ‘ಗಳಗನಾಥ’ ಎಂಬ ಹೆಸರಿನಲ್ಲಿ ಬರೆದು ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದ್ದರಿಂದ ಊರಿನ ಹೆಸರು ಊರನ್ನು ನೋಡದವರಿಗೂ ಗೊತ್ತು. ಆದರೆ ನನ್ನ ಆಸಕ್ತಿ ಇರುವುದು ಈ ಸೀಮೆಯ ಕಲ್ಲಿನ ಬರಹಗಳಲ್ಲಿ.

ಹನ್ನೊಂದು, ಹನ್ನೆರಡನೇ ಶತಮಾನದ ಒಂದು ದಾನಶಾಸನವನ್ನು ತೆಗೆದುಕೊಳ್ಳಿ. ಈ ಭಾಗದ ಯಾವ ಊರಿನದಾದರೂ ಸರಿ, ಅದರ ಕಟ್ಟು ಹೆಚ್ಚುಕಡಿಮೆ ಒಂದೇ. ಆಳುವ ಅರಸನ ಹೆಸರು, ಅವನ ಕೆಳಗಿನ ಮಹಾಮಂಡಲೇಶ್ವರನ ಹೆಸರು, ತಿಥಿ ವಾರ ಮೊದಲು ಬರುತ್ತವೆ. ನಂತರ ದಾನ ಯಾವುದು, ಯಾರಿಗೆ, ಯಾವ ಕೆಲಸಕ್ಕೆ ಎಂಬ ವಿವರ. ಆಮೇಲೆ ಬರುವ ಭಾಗ ನನಗೆ ಬಹಳ ಇಷ್ಟ. ಅದು ಎಲ್ಲೆಯ ವಿವರ. ಮೂಡಲಿಗೆ ಕೆರೆಯ ಕೋಡಿ, ತೆಂಕಲಿಗೆ ಹಳ್ಳ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಇಂಥವನ ಹೊಲ ಎಂಬಂತೆ, ಕಣ್ಣಿಗೆ ಕಾಣುವ ಗುರುತುಗಳನ್ನೇ ಹಿಡಿದು ಬರೆದಿರುತ್ತಾರೆ. ಕೊನೆಗೆ ಶಾಪಾಶಯ. ಇದನ್ನು ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ನೆಲವನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಎಚ್ಚರಿಕೆ.

ಶಾಪದಿಂದ ಒತ್ತುವರಿ ನಿಂತಿತ್ತು ಎಂದು ನಾನು ಹೇಳುತ್ತಿಲ್ಲ. ಶಾಪವನ್ನು ಇಷ್ಟು ಸಲ ಬರೆಯಬೇಕಾಗಿ ಬಂದದ್ದೇ ಒತ್ತುವರಿ ಅಂದೂ ಇತ್ತು ಎನ್ನುವುದಕ್ಕೆ ಸಾಕ್ಷಿ. ದಾನ ಕೊಟ್ಟವರಿಗೆ ಮನುಷ್ಯನ ಸ್ವಭಾವ ಗೊತ್ತಿತ್ತು. ಮುಖ್ಯವಾದದ್ದು ಬೇರೆ ಎರಡು ಸಂಗತಿ. ಎಲ್ಲೆಯನ್ನು ಬರೆದ ಕಲ್ಲು ಆ ಎಲ್ಲೆಯೊಳಗೇ, ಊರವರ ಕಣ್ಣ ಮುಂದೆಯೇ ನಿಂತಿರುತ್ತಿತ್ತು. ಮತ್ತು ಅದನ್ನು ಕಾಯುವ ಹೊಣೆ ಅರಸನೊಬ್ಬನದಾಗಿರದೆ ಮಹಾಜನರು, ಗಾವುಂಡರು, ಸ್ಥಾನಾಚಾರ್ಯರು ಎಂದು ಹೆಸರಿಸಿದ ಸ್ಥಳೀಯರದೂ ಆಗಿರುತ್ತಿತ್ತು. ಆ ‘ಸ್ಥಳೀಯರಲ್ಲಿ’ ಊರಿನ ಎಲ್ಲರೂ ಸೇರುತ್ತಿರಲಿಲ್ಲ, ಜಾತಿ ಮತ್ತು ಒಡೆತನ ಇದ್ದವರಷ್ಟೇ ಸೇರುತ್ತಿದ್ದರು ಎಂಬುದನ್ನೂ ಮರೆಯಬಾರದು.

ಈಗ ಎರಡನೆಯ ಬಗೆಯ ಶಾಸನಕ್ಕೆ ಬರೋಣ. ಗಳಗನಾಥದಿಂದ ತುಂಗಭದ್ರೆಯ ಮೇಲ್ಹರಿವಿನತ್ತ ಹೋದರೆ ರಾಣೆಬೆನ್ನೂರು ತಾಲೂಕು. ಅಲ್ಲಿಂದ ಐದು ಬಾರಿ ವಿಧಾನಸಭೆಗೆ ಆರಿಸಿ ಬಂದವರು ಕೆ.ಬಿ. ಕೋಳಿವಾಡ. 1972ರಲ್ಲಿ ಮೊದಲ ಸಲ ಗೆದ್ದವರು, 2013ರಲ್ಲಿ ಕೊನೆಯ ಸಲ. 2016ರ ಜುಲೈಯಿಂದ 2018ರವರೆಗೆ ವಿಧಾನಸಭಾಧ್ಯಕ್ಷರು. ಪರಿಸರದ ಇತಿಹಾಸ ಬರೆಯುವವರಿಗೆ ಅವರ ಹೆಸರು ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆ ಒತ್ತುವರಿಯನ್ನು ಪರಿಶೀಲಿಸಲು ರಚನೆಯಾದ ಸದನ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಸಭಾಧ್ಯಕ್ಷರಾದ ಮೇಲೂ ಆ ಕೆಲಸ ಬಿಡಲಿಲ್ಲ. 2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವರದಿ ಮಂಡನೆಯಾಯಿತು.

ವರದಿಯ ಲೆಕ್ಕ ಗಾಬರಿ ಹುಟ್ಟಿಸುವಂಥದ್ದು. ಎರಡೂ ಜಿಲ್ಲೆ ಸೇರಿ 1,547 ಕೆರೆಗಳು: ನಗರ ಜಿಲ್ಲೆಯಲ್ಲಿ 837, ಗ್ರಾಮಾಂತರದಲ್ಲಿ 710. ಅವುಗಳ ಒಟ್ಟು ವಿಸ್ತೀರ್ಣ 57 ಸಾವಿರ ಎಕರೆಗೂ ಹೆಚ್ಚು. ಅದರಲ್ಲಿ ಒತ್ತುವರಿಯಾದದ್ದು 10 ಸಾವಿರ ಎಕರೆಗೂ ಮಿಕ್ಕಿ. ಅಂದರೆ ಸುಮಾರು ಐದರಲ್ಲೊಂದು ಪಾಲು ಕೆರೆ ಕೆರೆಯಾಗಿ ಉಳಿದಿಲ್ಲ. ಅದರ ದೊಡ್ಡ ಪಾಲು ಖಾಸಗಿಯವರದು. ಆದರೆ 3 ಸಾವಿರ ಎಕರೆಗೂ ಹೆಚ್ಚು ಒತ್ತುವರಿ ಸರ್ಕಾರದ್ದೇ ಸಂಸ್ಥೆಗಳದ್ದು. ಕೆರೆಯಂಗಳದಲ್ಲಿ ಬಡಾವಣೆ ಮಾಡಿ ನಿವೇಶನ ಹಂಚಿದವರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಇತ್ತು. ಸರ್ವೆ ನಂಬರ್ ಹಿಡಿದು ಕೆರೆ ಕೆರೆಯಾಗಿ ಲೆಕ್ಕ ತೆಗೆದು, ಯಾರ ವಶದಲ್ಲಿ ಎಷ್ಟಿದೆ ಎಂದು ದಾಖಲಿಸಿದ್ದು ಸಣ್ಣ ಕೆಲಸವಲ್ಲ. ಶಾಸನ ಓದುವ ನನ್ನ ಕಣ್ಣಿಗೆ ಅದು ಕಂಡದ್ದು ಒಂದು ದೊಡ್ಡ ‘ಎಲ್ಲೆಯ ವಿವರ’ವಾಗಿ. ಶಾಪಾಶಯ ಮಾತ್ರ ಇಲ್ಲ.

ಇದು ಮೊದಲ ವರದಿಯೂ ಅಲ್ಲ. ಬೆಂಗಳೂರಿನ ಕೆರೆಗಳನ್ನು ಉಳಿಸುವುದು ಹೇಗೆ ಎಂದು 1980ರ ದಶಕದಲ್ಲೇ ಎನ್. ಲಕ್ಷ್ಮಣರಾವ್ ಸಮಿತಿ ಹೇಳಿತ್ತು. ಅರಕಲಗೂಡಿನ ಶಾಸಕ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ಬೆಂಗಳೂರಿನ ಸಾರ್ವಜನಿಕ ಭೂಮಿಯ ಕಬಳಿಕೆಯನ್ನು ಬಯಲಿಗಿಟ್ಟಿತು. ಅದರ ಬೆನ್ನಲ್ಲೇ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆಯ ವರದಿ ಬಂತು. ಆ ಸರಣಿಯಿಂದ ಒಂದು ಫಲವೂ ಸಿಕ್ಕಿತು. ಭೂಕಬಳಿಕೆ ನಿಷೇಧ ಮಸೂದೆಗೆ 2011ರಲ್ಲಿ ವಿಧಾನಮಂಡಲದ ಒಪ್ಪಿಗೆ ಸಿಕ್ಕಿತು, 2014ರಲ್ಲಿ ಅದು ಕಾಯ್ದೆಯಾಯಿತು, 2016ರಲ್ಲಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಕೆಲಸ ಶುರುಮಾಡಿತು. ಅಂದರೆ ವರದಿಯೊಂದು ನ್ಯಾಯಾಲಯದ ಬಾಗಿಲು ತಲುಪಲು ಒಂಬತ್ತು ವರ್ಷ ಬೇಕಾಯಿತು. ಆ ಒಂಬತ್ತು ವರ್ಷ ಬುಲ್ಡೋಜರುಗಳು, ಟಿಪ್ಪರುಗಳು ಕಾದು ಕುಳಿತಿರಲಿಲ್ಲ.

2017ರ ವರ್ಷವನ್ನೇ ಸ್ವಲ್ಪ ಹತ್ತಿರದಿಂದ ನೋಡಿದರೆ ವಿಧಾನಸಭೆ ಎಂಬ ಸಂಸ್ಥೆಯ ಸ್ವಭಾವ ಅರ್ಥವಾಗುತ್ತದೆ. ಕೋಳಿವಾಡ ಸಮಿತಿ ಒತ್ತುವರಿಯ ಲೆಕ್ಕ ಬರೆಯುತ್ತಿದ್ದ ಅದೇ ವರ್ಷ, ಅದೇ ಸರ್ಕಾರದ ಸಂಪುಟ ‘ಸ್ವರೂಪ ಕಳೆದುಕೊಂಡ’ ಕೆರೆಗಳನ್ನು ಕೆರೆಗಳ ಪಟ್ಟಿಯಿಂದಲೇ ತೆಗೆಯಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತರುವ ಯೋಚನೆ ಮಾಡಿತು. ಜನರ ವಿರೋಧದಿಂದ ಅದು ಹಿಂದೆ ಸರಿಯಿತು. ಅದೇ ವರ್ಷದ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಇಬ್ಬರು ಪತ್ರಕರ್ತರಿಗೆ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿತು. ಅದರಲ್ಲೊಂದು ಪ್ರಕರಣ ಕೋಳಿವಾಡರ ಕುರಿತ ಬರಹಕ್ಕೇ ಸಂಬಂಧಿಸಿದ್ದು. ಆ ಲೇಖನಗಳ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ನನ್ನನ್ನು ತಡೆದು ನಿಲ್ಲಿಸುವುದು ಅಧಿಕಾರದ ಹಂಚಿಕೆ. ಸದಸ್ಯರ ಗೌರವಕ್ಕೆ ಚ್ಯುತಿ ಬಂದಿದೆ ಎನಿಸಿದಾಗ ಸದನ ತಾನೇ ಶಿಕ್ಷೆ ಕೊಡಬಲ್ಲದು. 10 ಸಾವಿರ ಎಕರೆ ಕೆರೆಗೆ ಚ್ಯುತಿ ಬಂದಿದೆ ಎಂದು ಅದರದ್ದೇ ಸಮಿತಿ ಹೇಳಿದಾಗ ಅದು ಶಿಫಾರಸು ಮಾತ್ರ ಮಾಡಬಲ್ಲದು.

ಈ ಕತೆ ಅಲ್ಲಿಗೂ ಮುಗಿಯುವುದಿಲ್ಲ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೆರೆಯ ಸುತ್ತ 30 ಮೀಟರ್ ಜಾಗವನ್ನು ಬಿಡಬೇಕು ಎಂದಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಇದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. 2025ರ ಮಳೆಗಾಲದ ಅಧಿವೇಶನದಲ್ಲಿ ವಿಧಾನಮಂಡಲ 30 ಮೀಟರಿನ ಏಕರೂಪದ ಅಂತರವನ್ನೂ ಬಿಟ್ಟು, ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಂತರ ಕಡಿಮೆಯಾಗುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಕೆರೆ ಸಣ್ಣದಾದಷ್ಟೂ ರಕ್ಷಣೆ ಸಣ್ಣದು. ನಮ್ಮ ಕಡೆಯ ಹಳ್ಳಿಗಳ ಕೆರೆಗಳೆಲ್ಲ ಬಹುಪಾಲು ಸಣ್ಣವೇ ಎಂಬುದನ್ನು ಇಲ್ಲಿ ನೆನಪಿಡಬೇಕು.

ಕೋಳಿವಾಡ ಸಮಿತಿಯ ವ್ಯಾಪ್ತಿ ಬೆಂಗಳೂರಿನ ಎರಡು ಜಿಲ್ಲೆಗಳಿಗೆ ಸೀಮಿತ. ರಾಣೆಬೆನ್ನೂರಿನ ದೊಡ್ಡಕೆರೆಯಾಗಲಿ, ಹಾವೇರಿಯ ಹೆಗ್ಗೇರಿಯಾಗಲಿ, ಬ್ಯಾಡಗಿ ಸೀಮೆಯ ಕೆರೆಗಳಾಗಲಿ ಆ ವರದಿಯಲ್ಲಿ ಬರುವಂತಿಲ್ಲ. ಇದು ಸಮಿತಿಯ ತಪ್ಪಲ್ಲ, ಸದನ ಅದಕ್ಕೆ ಕೊಟ್ಟ ಕೆಲಸವೇ ಅಷ್ಟು. ಆದರೂ ಒಬ್ಬ ಶಾಸಕರ ಅತಿ ದೊಡ್ಡ ಪರಿಸರ ದಾಖಲೆ ಅವರ ಸ್ವಂತ ಕ್ಷೇತ್ರದ ಒಂದು ಹನಿ ನೀರನ್ನೂ ಮುಟ್ಟುವುದಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ. ಭೂಮಿಯ ಬೆಲೆ ಏರಿದಲ್ಲಿ ಮಾತ್ರ ಕೆರೆಗೆ ಸಮಿತಿ ಸಿಗುತ್ತದೆ.

ಹಾಗಾದರೆ ಈ ಸೀಮೆಯ ನೀರಿನ ದಾಖಲೆ ಬರೆದವರು ಯಾರು? ಇಲ್ಲಿ 1970ರ ದಶಕಕ್ಕೆ ಹಿಂದಿರುಗಬೇಕು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ಮಾಡಿದ್ದು ರಾಜ್ಯಗಳ ವಿಧಾನಮಂಡಲಗಳು ನಿರ್ಣಯ ಮಾಡಿ ಕೋರಿದ ಮೇಲೆ. ಹಾಗೆ ಮೊದಲೇ ನಿರ್ಣಯ ಮಾಡಿದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಅದೇ ವರ್ಷ ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಪ್ರದೇಶ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಣೆಯಾಯಿತು. ಕೋಳಿವಾಡರು ಮೊದಲ ಸಲ ಶಾಸಕರಾಗಿದ್ದ ಅವಧಿ ಅದು. ಕಾಗದದ ಮೇಲೆ ನೋಡಿದರೆ ಆ ಸದನದ ಪರಿಸರ ದಾಖಲೆ ಬಹಳ ಚೆನ್ನಾಗಿದೆ.

ಆ ಹೊತ್ತಿಗಾಗಲೇ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮರದ ತಿರುಳು ತಯಾರಿಸುತ್ತಿತ್ತು. ರೇಯಾನ್ ನೂಲಿಗೆ ಬೇಕಾದ ತಿರುಳು ಅದು. 1980ರ ದಶಕದಲ್ಲಿ ಕೆಳಹರಿವಿನ ಹಳ್ಳಿಗಳ ರೈತರು ಮತ್ತು ಮೀನುಗಾರರು ಹೊಳೆಯ ನೀರು ಬಣ್ಣಗೆಟ್ಟಿದೆ, ಮೀನು ಸಾಯುತ್ತಿವೆ, ದನಕರು ಕುಡಿಯುವಂತಿಲ್ಲ ಎಂದು ದೂರತೊಡಗಿದರು. ಗಳಗನಾಥ ಇರುವುದು ಆ ಕೆಳಹರಿವಿನಲ್ಲಿಯೇ. ಇಲ್ಲಿ ವರದೆಯ ನೀರು ಮಲೆನಾಡಿನಿಂದ ಬರುತ್ತದೆ, ತುಂಗಭದ್ರೆಯ ನೀರು ಕಾರ್ಖಾನೆಯನ್ನು ದಾಟಿ ಬರುತ್ತದೆ.

ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸ ಮಾಡುತ್ತಿದ್ದ ಎಸ್.ಆರ್. ಹಿರೇಮಠ ಮತ್ತು ಸಂಗಾತಿಗಳು ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ದೂರುಗಳನ್ನು ಹೋರಾಟವಾಗಿ ಬೆಳೆಸಿತು. ಅವರ ಕೈಲಿದ್ದ ಆಯುಧ ಯಾವುದು? ವಿಧಾನಮಂಡಲವೇ ಕೋರಿ ತಂದ 1974ರ ಕಾಯ್ದೆ. ಸದನ ನಿರ್ಣಯ ಮಾಡಿ ಕೂತ ಕಾನೂನನ್ನು ಹೊಳೆದಂಡೆಯ ಜನ ಎತ್ತಿಕೊಂಡು ಪ್ರಶ್ನೆ ಕೇಳತೊಡಗಿದರು.

ಇದೇ ಹೊತ್ತಿಗೆ ಸರ್ಕಾರದ ಇನ್ನೊಂದು ಕೈ ಬೇರೆಯೇ ಕೆಲಸ ಮಾಡುತ್ತಿತ್ತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟುಹಾಕಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿ ಕೊಡುವುದು ಒಪ್ಪಂದ. ‘ಪಾಳು’ ಎಂದು ಸರ್ಕಾರಿ ಕಡತ ಕರೆದ ಆ ನೆಲ ಹಳ್ಳಿಗಳ ಗೋಮಾಳ, ಸೌದೆಯ ತಾಣ, ಮಳೆನೀರು ಕೆರೆಗೆ ಇಳಿಯುವ ಜಲಾನಯನ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೂರರಷ್ಟು ನೀಲಗಿರಿ ಸಸಿ ಕಿತ್ತು, ಹಣ್ಣು ಮೇವು ಕೊಡುವ ಸಸಿ ನೆಟ್ಟರು. ಶಿವರಾಮ ಕಾರಂತರೂ ಸಮುದಾಯದವರೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಕೊನೆಗೆ 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು.

ಕಾರಂತರ ಹೆಸರು ಬಂದದ್ದಕ್ಕೆ ಒಂದು ಮಾತು ಸೇರಿಸಬೇಕು. 1989ರ ಲೋಕಸಭಾ ಚುನಾವಣೆಯಲ್ಲಿ ಅವರು ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ನಾಡಿನಲ್ಲಿ ಪರಿಸರಕ್ಕಾಗಿ ಅಷ್ಟು ಕೆಲಸ ಮಾಡಿದವರಿಗೆ ಶಾಸನ ಮಾಡುವ ಸಭೆಯ ಬಾಗಿಲು ತೆರೆಯಲಿಲ್ಲ. ಸದನದ ಹೊರಗೆ ನಿಂತೇ ಅವರು ಸರ್ಕಾರದ ಒಂದು ಒಪ್ಪಂದವನ್ನು ಮುರಿಯಲು ಕೈಜೋಡಿಸಿದರು.

ಈ ಎರಡು ಕತೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಶಾಸಕರು ನಿಷ್ಪ್ರಯೋಜಕರು, ಚಳವಳಿಗಾರರೇ ಎಲ್ಲ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನಾನು ಹಾಗೆ ಓದುವುದಿಲ್ಲ. 1974ರ ನಿರ್ಣಯ ಇಲ್ಲದಿದ್ದರೆ ಹೊಳೆದಂಡೆಯ ಜನರಿಗೆ ಹಿಡಿದು ಕೇಳಲು ಒಂದು ಕಾನೂನು ಇರುತ್ತಿರಲಿಲ್ಲ. ಸದನ ಬರೆದದ್ದನ್ನು ಜನ ಎತ್ತಿಕೊಂಡಾಗ ಅದಕ್ಕೆ ಜೀವ ಬಂತು. ಕೋಳಿವಾಡ ಸಮಿತಿಯ ವರದಿಯೂ ಹಾಗೆಯೇ. ಅದರ ಪುಟಗಳಲ್ಲಿರುವ ಸರ್ವೆ ನಂಬರುಗಳು ಎತ್ತಿಕೊಳ್ಳುವವರಿಗಾಗಿ ಕಾದಿವೆ. ಹಾಗಾಗಿ ಶಾಸಕರ ಸಾಧನೆಯನ್ನು ಅಳೆಯುವಾಗ ನಾನು ಕೇಳುವ ಪ್ರಶ್ನೆ ಹೀಗೆ: ಅವರು ಬರೆದದ್ದು ಜನರ ಕೈಗೆ ಸಿಗುವ ಹಾಗೆ ಬರೆದರೇ, ಇಟ್ಟರೇ? ಇಬ್ಬರು ಸೇರಿ ಮುಗಿಸಬೇಕಾದ ಕೆಲಸದಲ್ಲಿ ಇನ್ನೊಬ್ಬರಿಗೆ ದಾರಿ ಬಿಟ್ಟರೇ?

ಈ ಪ್ರಶ್ನೆ ಈಗ ಹೆಚ್ಚು ತುರ್ತಿನದು. ಏಕೆಂದರೆ ಹವಾಮಾನವೇ ಬದಲಾಗುತ್ತಿದೆ. 2019ರ ಆಗಸ್ಟಿನಲ್ಲಿ ವರದೆ ಮತ್ತು ತುಂಗಭದ್ರೆ ಉಕ್ಕಿ ಹಾವೇರಿ ಜಿಲ್ಲೆಯ ಹೊಲಮನೆಗಳಿಗೆ ನೀರು ನುಗ್ಗಿತು. ನಾಲ್ಕೇ ವರ್ಷದ ನಂತರ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ವರ್ಷದ ಸೆಪ್ಟೆಂಬರಿನಲ್ಲಿ ರಾಣೆಬೆನ್ನೂರಿನ ಹೊಸ ಶಾಸಕ, ಕೆ.ಬಿ. ಕೋಳಿವಾಡರ ಮಗ ಪ್ರಕಾಶ ಕೋಳಿವಾಡ, ಖಾಸಗಿ ಖರ್ಚಿನಲ್ಲಿ ಹುಬ್ಬಳ್ಳಿಯಿಂದ ವಿಮಾನ ಹಾರಿಸಿ ಹಾವೇರಿ ಜಿಲ್ಲೆಯ ಮೇಲೆ ಮೋಡ ಬಿತ್ತನೆ ಮಾಡಿಸಿದರು. ತಂದೆ ನೆಲದ ಮೇಲಿನ ಕೆರೆಗಳ ಲೆಕ್ಕ ಬರೆದರೆ ಮಗ ಆಕಾಶದ ನೀರಿಗೆ ಕೈ ಹಾಕಿದರು.

ಮೋಡ ಬಿತ್ತನೆ ಕರ್ನಾಟಕಕ್ಕೆ ಹೊಸದಲ್ಲ. 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಹೆಸರಿನಲ್ಲಿ ಸರ್ಕಾರವೇ ಮಾಡಿತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೊಲ್ಲಾಪುರದ ಸುತ್ತ ನಡೆಸಿದ ಪ್ರಯೋಗದಲ್ಲಿ ಕೆಲವು ಕಡೆ ಮಳೆ ಸುಮಾರು 18 ಶೇಕಡಾ ಹೆಚ್ಚಾದದ್ದು ಕಂಡುಬಂದಿದೆ. ಆದರೆ ತಕ್ಕ ಮೋಡವಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಮೋಡವನ್ನೇ ಹುಟ್ಟಿಸಲಾರದು. ಬರದಲ್ಲಿ ಕಂಗಾಲಾದ ರೈತನಿಗೆ ತಲೆಯ ಮೇಲೆ ವಿಮಾನದ ಸದ್ದು ಕೇಳಿಸಿದರೆ ಸಿಗುವ ಧೈರ್ಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆಕಾಶದಿಂದ ಬಿದ್ದ ಹನಿ ನಿಲ್ಲಲು ಕೆಳಗೊಂದು ಕೆರೆ ಬೇಕು. ಆ ಕೆರೆಗೆ ನೀರು ತರುವ ಕಾಲುವೆ ಮುಚ್ಚಿರಬಾರದು, ಅಂಗಳದಲ್ಲಿ ಹೂಳು ತುಂಬಿರಬಾರದು, ಎಲ್ಲೆ ಒತ್ತಿರಬಾರದು. ಮಗನ ಯೋಜನೆ ಫಲಿಸಬೇಕಾದರೆ ತಂದೆಯ ವರದಿ ರಾಣೆಬೆನ್ನೂರಿಗೂ ಬರಬೇಕು.

ಅದಕ್ಕೆ ದೊಡ್ಡ ಸಮಿತಿಯೇ ಬೇಕಿಲ್ಲ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿರುವ ಕೆರೆಗಳು ಪಂಚಾಯತಿಗಳ ಸುಪರ್ದಿಯಲ್ಲಿವೆ. ಒಂದೊಂದು ಗ್ರಾಮ ಪಂಚಾಯತಿಯ ಮುಂದೆ ಆ ಊರಿನ ಕೆರೆಗಳ ಹೆಸರು, ಸರ್ವೆ ನಂಬರ್, ಮೂಲ ವಿಸ್ತೀರ್ಣ, ಇವತ್ತಿನ ವಿಸ್ತೀರ್ಣ, ನಾಲ್ಕು ದಿಕ್ಕಿನ ಎಲ್ಲೆಯನ್ನು ಕಲ್ಲಿನ ಮೇಲೆಯೇ ಬರೆಸಿ ನಿಲ್ಲಿಸಬಹುದು. ಶಾಸಕರ ಅನುದಾನದಲ್ಲಿ ಊರೂರಿಗೆ ಸ್ವಾಗತ ಕಮಾನು ಕಟ್ಟಿಸಲು ಸಾಧ್ಯವಾದರೆ ಇದೂ ಸಾಧ್ಯ. ಶಾಪಾಶಯದ ಜಾಗದಲ್ಲಿ ಭೂಕಬಳಿಕೆ ಕಾಯ್ದೆಯ ಕಲಂ ಬರೆಸಿದರೆ ಸಾಕು. ಈ ಸಲ ಅದನ್ನು ಕಾಯುವವರ ಪಟ್ಟಿಯಲ್ಲಿ ಮಹಾಜನರಷ್ಟೇ ಇರುವುದಿಲ್ಲ. ಕೆರೆಗೆ ನೀರಿಗೆ ಬರಲು ಒಂದು ಕಾಲದಲ್ಲಿ ಬಿಡದೇ ಇದ್ದವರೂ, ಮೀನು ಹಿಡಿಯುವವರೂ, ಗ್ರಾಮಸಭೆಗೆ ಬರುವ ಹೆಂಗಸರೂ ಅದರಲ್ಲಿರುತ್ತಾರೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಮುಂದಿನ ಸಲ ಮತ ಕೇಳಲು ಬರುವವರನ್ನು ಪರಿಸರದ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿದರೆ ಎಲ್ಲರೂ ಒಳ್ಳೆಯ ಉತ್ತರವನ್ನೇ ಕೊಡುತ್ತಾರೆ. ಅದರ ಬದಲು, ನಮ್ಮೂರ ಕೆರೆಯ ಪಡುವಣ ಎಲ್ಲೆ ಎಲ್ಲಿದೆ ಎಂದು ಕೇಳಬೇಕು. ಅವರಿಗೆ ಗೊತ್ತಿಲ್ಲದಿದ್ದರೆ ಒಟ್ಟಿಗೆ ಹೋಗಿ ನೋಡಿಕೊಂಡು ಬರಬೇಕು.